ಎಡಗಡೆ ಬಾಗಿಲಿನ ಸದ್ದು

"ಎಡಗಡೆ ಬಾಗಿಲು ತಾನೆ?"

ತಲೆ ಎತ್ತದೆಯೇ ಕೇಳಿದ ಕಾರಿಗೆ ಸ್ಪೀಕರ್ ಕೂರಿಸುವ ಅಂಗಡಿಯವನು. ಅವಳಿನ್ನೂ ಕಾರಿನಿಂದ ಪೂರ್ತಿ ಇಳಿದಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ದಿನಾ ಈ ರಸ್ತೆಯಲ್ಲೇ ಹೋಗ್ತೀರಲ್ಲ. ಹಾಡಿಗಿಂತ ಮೊದಲು ಬಾಗಿಲಿನ ಗಡಗಡ ಕೇಳಿಸುತ್ತೆ."

ಆಗ ತಲೆ ಎತ್ತಿದ. ಕೈ ತುಂಬ ವೈರು, ಕಿವಿಯ ಹಿಂದೆ ಟೆಸ್ಟರ್, ಮುಖದಲ್ಲಿ ನಗುವಿನ ಸುಳಿವಿಲ್ಲ. ಇಂಥವನನ್ನು ನೋಡಿ ಎದೆ ಧಸಕ್ಕೆನ್ನಲು ಕಾರಣವೇ ಇರಲಿಲ್ಲ. ಆದರೆ ಎದೆ ಕಾರಣ ಕೇಳಿಕೊಂಡು ಧಸಕ್ಕೆನ್ನುವುದಿಲ್ಲವಲ್ಲ...

ಅವಳು ಟೈಲರ್. ಅದೇ ರಸ್ತೆಯ ತುದಿಯಲ್ಲಿ ಅವಳ ಅಂಗಡಿ. ಕಾರು ಅಪ್ಪನದು, ವಯಸ್ಸಿನಲ್ಲಿ ಅವಳಿಗೆ ತಮ್ಮನಾಗಬೇಕು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದ ಅಪ್ಪ ಸಂಜೆ ಹೊತ್ತು ನಿಂತ ಕಾರಿನಲ್ಲಿ ಕೂತು ಹಳೇ ಹಾಡು ಕೇಳುತ್ತಿದ್ದರು. ಮನೆಯ ಟಿವಿ ಅಜ್ಜಿಯ ವಶ, ಅಲ್ಲಿ ಯಾರದೂ ಎದುರು ಮಾತಿಲ್ಲ.

ಈಚೆಗೆ ಅಪ್ಪ ಅದನ್ನೂ ಬಿಟ್ಟಿದ್ದರು. ಹಾಡುವವರು ಕೊಡದೊಳಗೆ ಕೂತು ಹಾಡಿದ ಹಾಗಿದೆ ಎಂದಿದ್ದರು. ಅದು ಅವಳನ್ನು ಚುಚ್ಚಿತ್ತು. ಯೂನಿಫಾರ್ಮ್ ಹೊಲಿದು ಉಳಿಸಿದ್ದರಲ್ಲಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ, ಒಂದು ಜೊತೆ ಅಗ್ಗದ ಸ್ಪೀಕರ್ ಕೊಂಡು ತಂದಿದ್ದಳು. ಕೂರಿಸುವ ಕೂಲಿಯಷ್ಟೇ ಕೈಯಲ್ಲಿದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಅವನು ಬಾಗಿಲನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ. ಖಾಲಿ ಡಬ್ಬ, ಇದಕ್ಕೆ ಸದ್ದು ತಡೆಯುವ ಶೀಟೊಂದು ಬೇಕು, ಬಂದ ಮೇಲೆ ಹೇಳುತ್ತೇನೆ ಎಂದ.

ಮೂರು ವಾರವಾದರೂ ಶೀಟು ಬರಲಿಲ್ಲ. ಅವಳು ದಿನಾ ಸಂಜೆ ವಿಚಾರಿಸಲು ಹೋಗುತ್ತಿದ್ದಳು. ಅವನು ಸ್ಟೂಲು ಒರೆಸಿ ಮುಂದಿಡುತ್ತಿದ್ದ. ಅವನು ತಗಡಿನ ನಡುಕದ ಬಗ್ಗೆ ಹೇಳುವನು, ಇವಳು ಜಾರುವ ಬಟ್ಟೆಯ ಕಾಟದ ಬಗ್ಗೆ ಹೇಳುವಳು. ಶೀಟು ಬಂತಾ ಅಂತ ಕೇಳೋಕೆ ಕನ್ನಡಿ ಮುಂದೆ ಇಷ್ಟು ಹೊತ್ತು ಯಾಕೆ ನಿಲ್ಲಬೇಕು ಎಂದು ಅಜ್ಜಿ ಒಮ್ಮೆ ಕೇಳಿಯೇಬಿಟ್ಟರು.

ಕೊನೆಗೆ ಕೆಲಸ ಮುಗಿಯಿತು. ಏನೇನು ಮಾಡಿದಿರಿ ಎಂದು ಕೇಳಿದರೆ ಅವನು ಬಾಯಿ ಬಿಡಲಿಲ್ಲ. ಯಾವ ಗಿರಾಕಿಗೂ ಕೆಲಸ ಮುಗಿದ ದಿನವೇ ಹೇಳುವ ಪದ್ಧತಿ ಅವನಿಗಿರಲಿಲ್ಲ.

"ಇವತ್ತು ಕಣ್ಣು ಮುಚ್ಚಿ ಹಾಡು ಕೇಳಿ. ನಾಳೆ ಹೇಳ್ತೀನಿ. ಈಗಲೇ ಹೇಳಿದ್ರೆ ನಿಮ್ಮ ಕಿವಿ ನನ್ನ ಮಾತನ್ನೇ ಕೇಳುತ್ತೆ."

ಆದರೆ ಟೈಲರ್‌ಗೆ ಕಣ್ಣೇ ದೇವರು. ಮನೆ ಮುಂದೆ ಕಾರು ನಿಲ್ಲಿಸಿದವಳು ಹಾಡು ಹಾಕುವ ಬದಲು ಮೊಬೈಲಿನ ಟಾರ್ಚ್ ಹಾಕಿ, ಎಡಗಡೆ ಬಾಗಿಲಿನ ಜಾಲರಿಯೊಳಗೆ ಇಣುಕಿದಳು.

ಒಳಗೆ ನೀಲಿ ಬಟ್ಟೆಯ ಚೂರು ಕಂಡಿತು. ಹಿಂದೊಮ್ಮೆ ಹರಿದ ಸ್ಪೀಕರಿಗೆ ತಾನೇ ಅಂಟಿಸಿದ ತೇಪೆ!

'ಹಳೆಯದನ್ನೇ ಹಾಕಿದ್ದಾನೆ... ಹಾಗಾದರೆ ಹೊಸದು?'

ಅವಳಿಗೆ ಅವಮಾನವಾಯಿತು. ಹೊಸ ಸ್ಪೀಕರ್ ಹೋದದ್ದಕ್ಕಲ್ಲ. ಆ ಸ್ಟೂಲಿನ ಮೇಲೆ ಕೂತು ತಾನು ಏನೇನೋ ಕನಸು ಕಂಡಿದ್ದಳಲ್ಲ, ಅದಕ್ಕೆ. ಬಿರಬಿರನೆ ನಡೆದೇ ಹೋದಳು. ಅವನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರೆದುರೇ ಬಾಯಿಗೆ ಬಂದಂತೆ ಆಡಿದಳು. ಹೊಸದನ್ನು ನುಂಗಿ ಹಳೆಯದನ್ನು ಅಂಟಿಸಿದ್ದೀರಿ, ಬಡವರ ಕಾರೆಂದು ಮೋಸ ಮಾಡಿದ್ದೀರಿ ಎಂದಳು.

ಅವನು ಒಂದೇ ಮಾತು ಕೇಳಿದ. "ಹಾಡು ಕೇಳಿದ್ರಾ?"

"ಕೇಳೋದೇನಿದೆ? ಕಣ್ಣಾರೆ ನೋಡಿದೆ."

ಅವನ ಮುಖ ಸಪ್ಪಗಾಯಿತು. ಮತ್ತೆ ವೈರಿನ ಕಡೆ ತಿರುಗಿಕೊಂಡ.

ಅವಳು ಮನೆಗೆ ಬಂದಾಗ ಅಪ್ಪ ಕಾರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹಾಡು ನಡೆಯುತ್ತಿತ್ತು. ಪಕ್ಕದಲ್ಲಿ ಕೂರುವಂತೆ ಕೈಸನ್ನೆ ಮಾಡಿದರು. ಅವಳು ಕೂತು ಬಾಗಿಲು ಎಳೆದುಕೊಂಡಳು. ಟಣ್ ಎನ್ನಬೇಕಾದ ಬಾಗಿಲು ಧಪ್ ಎಂದು ಮೆತ್ತಗೆ ಮುಚ್ಚಿಕೊಂಡಿತು.

ಗಾಯಕಿ ಸಾಲಿಗೆ ಮೊದಲು ಉಸಿರೆಳೆದುಕೊಂಡದ್ದೂ ಕೇಳಿಸಿತು.

"ಒಳಹೊದಿಕೆ ಸರಿಸಿ ನೋಡಿದೆ, ಬಾಗಿಲಿನ ತಗಡಿಗೆ ಶೀಟು ಅಂಟಿಸಿ, ತೂತೆಲ್ಲ ಮುಚ್ಚಿದಾನೆ ಕಣಮ್ಮ," ಎಂದರು ಅಪ್ಪ. "ನಡುಗ್ತಿದ್ದಿದ್ದು ಬಾಗಿಲು. ಸ್ಪೀಕರ್ ಪಾಪ ಏನು ಮಾಡುತ್ತೆ? ನಿನ್ನ ಹೊಸ ಸ್ಪೀಕರ್ ಡಿಕ್ಕಿಯಲ್ಲಿದೆ. ಸೀಲೂ ಒಡೆದಿಲ್ಲ, ವಾಪಸ್ ಕೊಡಬಹುದು."

ಅಪ್ಪ ಅವಳ ಮುಖ ನೋಡಿದರು, ಅಂಗಡಿಯ ದಿಕ್ಕು ನೋಡಿದರು. ಬಸ್ಸಿನ ಕನ್ನಡಿಯಲ್ಲಿ ಎಷ್ಟೋ ಮುಖ ಕಂಡವರು, ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡೆ, ಅಷ್ಟಕ್ಕೇ ಓಡಿದೆ."

ಮರುದಿನ ಬೆಳಿಗ್ಗೆ ಅವಳು ಕಾರನ್ನು ಅವನ ಅಂಗಡಿ ಮುಂದೆ ನಿಲ್ಲಿಸಿ ಇಳಿದಳು. ಅವನು ತಲೆ ಎತ್ತಲಿಲ್ಲ. ಹಿಂದಿನ ದಿನದ ಗಿರಾಕಿಗಳಲ್ಲಿ ಒಬ್ಬರು ಅಲ್ಲೇ ಇದ್ದರು. ಒಳ್ಳೆಯದೇ ಆಯಿತು. ಜನರೆದುರು ಆಡಿದ ಮಾತನ್ನು ಜನರೆದುರೇ ಹಿಂದಕ್ಕೆ ಪಡೆಯಬೇಕಲ್ಲ.

"ತಪ್ಪಾಯ್ತು. ಮೋಸ ಮಾಡಿದ್ರಿ ಅಂದೆ. ನೀವು ಮಾಡಿರಲಿಲ್ಲ."

ಅವನು ಬೆಚ್ಚಿ ತಿರುಗಿದ. ಅವಳು ಬಂದದ್ದು ನಿಜಕ್ಕೂ ಅವನಿಗೆ ಗೊತ್ತಾಗಿರಲಿಲ್ಲ. ಗಿರಾಕಿ ಮೆಲ್ಲಗೆ ಎದ್ದು ಹೊರಗೆ ಹೋದರು. ಲೋಕದಲ್ಲಿ ಒಳ್ಳೆಯವರೂ ಇದ್ದಾರೆ.

"ಕೂಲಿಯ ಮೇಲೆ ಒಂದು ಪೈಸೆ ತಗೊಳ್ಳಲಿಲ್ಲ. ಶೀಟಿಗೆ?"

"ಬೇರೆಯವರ ಕಾರಿನ ಕೆಲಸದಲ್ಲಿ ಉಳಿದ ತುಂಡುಗಳು. ಜೋಡಿಸಿದೆ, ಅಷ್ಟೆ."

"ಅದಕ್ಕೇನಾ ಮೂರು ವಾರ ಕಾಯಿಸಿದ್ದು?"

ಅವನು ಟೆಸ್ಟರನ್ನು ಕಿವಿಯ ಹಿಂದಿನಿಂದ ತೆಗೆದ, ಮತ್ತೆ ಅಲ್ಲೇ ಸಿಕ್ಕಿಸಿದ.

"ತುಂಡುಗಳು ಮೊದಲ ದಿನವೇ ಇದ್ದವು."

"ಮತ್ತೆ...?"

"ಎರಡು ವರ್ಷದಿಂದ ಆ ಬಾಗಿಲ ಸದ್ದು ಕೇಳಿಸಿದ್ರೆ ನೀವು ಬಂದ್ರಿ ಅಂತ ಅರ್ಥ. ಅದು ಅಂಗಡಿ ಮುಂದೆ ಹಾದು ಹೋದ ಮೇಲೇ ನನ್ನ ಬೆಳಗು ಶುರುವಾಗೋದು. ಅದನ್ನ ನನ್ನ ಕೈಯಾರೆ ಮುಚ್ಚೋಕೆ ಮನಸ್ಸು ಬರಲಿಲ್ಲ." ಕಾರಿನ ಕಡೆ ಕೈ ತೋರಿಸಿದ. "ಈಗ ನೋಡಿ, ಬಂದು ನಿಂತರೂ ಗೊತ್ತಾಗಲಿಲ್ಲ. ಇನ್ಮೇಲೆ ನೀವು ಬಂದಿದ್ದು ನನಗೆ ಹೇಗೆ ಗೊತ್ತಾಗಬೇಕು?"

ಅವಳ ಕಣ್ಣು ತುಂಬಿತು. ಸ್ಟೂಲನ್ನು ತಾನೇ ಎಳೆದುಕೊಂಡು ಕೂತಳು. ಇನ್ನು ಒರೆಸಿ ಕೊಡಲಿ ಎಂದು ಕಾಯಬೇಕಾದ ಅಗತ್ಯ ಕಾಣಲಿಲ್ಲ.

"ದಿನಾ ಹಾರ್ನ್ ಹೊಡೀತೀನಿ."

"ನಿಮ್ಮ ಕಾರಿನ ಹಾರ್ನ್ ಕೆಟ್ಟು ಎಷ್ಟು ಕಾಲವಾಯ್ತು..."

"ಹಾಗಾದ್ರೆ ಸರಿ ಮಾಡಿಕೊಡಿ," ಎಂದಳು ಅವಳು. "ಅವಸರವಿಲ್ಲ. ದಿನಾ ಬಂದು ಕೇಳ್ತೀನಿ."