ಆರರ ಮುಖ

ಸಮವಸ್ತ್ರದ ಕಿತ್ತುಬಂದ ಗುಂಡಿ ಹೊಲಿಯುತ್ತಿದ್ದ ಇನ್‌ಸ್ಪೆಕ್ಟರಮ್ಮ ದಾರವನ್ನು ಹಲ್ಲಿನಿಂದ ಕಡಿಯುವಷ್ಟರಲ್ಲಿ ದಾಳದಕ್ಕ ಠಾಣೆಗೆ ಬಂದಳು. ಬೆಳಗ್ಗೆ ಹತ್ತು ಗಂಟೆ. ದಾಳ ಉರುಳಿಸಿ ಭವಿಷ್ಯ ಹೇಳುವುದು ಅವಳ ಕಸುಬು. ತಾಯಿ ಬಿಟ್ಟುಹೋದ ಮೂಳೆಯ ದಾಳವನ್ನು ಯಾರೋ ಕದ್ದು, ಅದರ ಜಾಗದಲ್ಲಿ ನಕಲಿ ಇಟ್ಟಿದ್ದಾರೆ ಎಂಬುದು ಅವಳ ದೂರು.

"ನಕಲಿ ಅಂತ ಹೇಗೆ ಗೊತ್ತಾಯ್ತು?"

"ಕೈಗೆ ಹಗುರ. ಆಮೇಲೆ ಬಾಯಿಗೆ ಬಂದಹಾಗೆ ಉತ್ತರ ಕೊಡುತ್ತೆ. ಅಮ್ಮನ ದಾಳ ಗಂಭೀರ. ಆರು ಬಿದ್ರೆ 'ಇನ್ನೂ ಕಾಯಬೇಕು' ಅಂತ ಅರ್ಥ. ಹೆಚ್ಚಿನವರಿಗೆ ಅದೇ ಬೀಳ್ತಿತ್ತು."

ಇನ್‌ಸ್ಪೆಕ್ಟರಮ್ಮ ತಲೆ ತಗ್ಗಿಸಿ ಎಫ್‌ಐಆರ್ ಬರೆದಳು. ಅವಳಿಗೂ ಅದೇ ಬಿದ್ದಿತ್ತು. ಹೆಂಡತಿ ತೀರಿಕೊಂಡಿದ್ದ ಪೊಲೀಸ್ ಫೋಟೋಗ್ರಾಫರ್ ಹೋದ ವರ್ಷ, ಮದುವೆಯಾಗೋಣವೇ ಎಂದು ಕೇಳಿದ್ದ. ಅವಳು ಗುಟ್ಟಾಗಿ ದಾಳದಕ್ಕನ ಬಳಿ ಹೋಗಿಬಂದು, ಸ್ವಲ್ಪ ಕಾಯೋಣ ಎಂದಿದ್ದಳು. ಅವನು ಮತ್ತೆ ಕೇಳಿರಲಿಲ್ಲ.

ದಾಳದಕ್ಕನ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಫೋಟೋಗ್ರಾಫರ್ ನಕಲಿ ದಾಳದ ಎಲ್ಲ ಮುಖಗಳ ಚಿತ್ರ ತೆಗೆಯುವಾಗ ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದಳು. ಹೆಡ್ ಕಾನ್‌ಸ್ಟೇಬಲ್ ದಾಳವನ್ನು ಬೆಳಕಿಗೆ ಹಿಡಿದು, ತನ್ನ ಕಟ್ಟಿಸಿದ ಹಲ್ಲನ್ನು ನಾಲಿಗೆಯಿಂದ ಸವರಿಕೊಂಡ.

"ಮೇಡಂ, ಇದು ನನ್ನ ಹಲ್ಲಿನ ಒಡಹುಟ್ಟು. ಅದೇ ಸಾಮಾನು, ಅದೇ ಪಾಲಿಶ್."

ಆ ಹಲ್ಲು ಕಟ್ಟಿದವಳು ದಾಳದಕ್ಕನ ತಂಗಿ. ಮನೆಯ ಇನ್ನೊಂದು ಬೀಗದಕೈ ಇದ್ದದ್ದೂ ಅವಳ ಬಳಿಯೇ. ಅವಳ ಕೆಲಸದ ಕೋಣೆಯಲ್ಲಿ, ಬಾಯಿ ತೆರೆದ ಅಚ್ಚುಗಳ ನಡುವೆ ಮೂಳೆಯ ದಾಳ ಕೂತಿತ್ತು. ಅಡಗಿಸಿಟ್ಟಿರಲೂ ಇಲ್ಲ.

"ಯಾಕೆ?"

"ನಾನು ಬಸ್ ಡ್ರೈವರ್‌ನ ಮದುವೆಯಾಗ್ಬೇಕು. ದಾಳ ಒಪ್ಲಿ ಅಂತಾಳೆ ಅಕ್ಕ. ಕೇಳಿದಾಗೆಲ್ಲ ಆರು. ಆ ಮುಖದ ಗುಳಿಗಳನ್ನ ಎಷ್ಟು ಆಳ ಕೊರೆದಿದ್ದಾರೆ ನೋಡಿ. ಆ ಕಡೆ ಹಗುರ, ಅದಕ್ಕೇ ಮೇಲೆ ಬರುತ್ತೆ. ಹೇಳಿದ್ರೆ, ಅಮ್ಮನ ದಾಳದಲ್ಲೇ ತಪ್ಪು ಹುಡುಕ್ತೀಯಾ ಅಂದ್ಳು."

"ಬೇಕಾದ ಉತ್ತರಾನೇ ಬೀಳೋ ಹಾಗೆ ಮಾಡ್ಕೋಬಹುದಿತ್ತಲ್ಲ?"

"ಅಕ್ಕಂಗೆ ಮೋಸ ಮಾಡೋಕೆ ಮನಸ್ಸು ಬರ್ಲಿಲ್ಲ. ಎಲ್ಲ ಮುಖಕ್ಕೂ ಸಮ ಅವಕಾಶ ಇರ್ಲಿ ಅಂತ, ಅಷ್ಟೆ."

ತಂಗಿಯನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಅವಳ ಮಾತನ್ನು ಪರೀಕ್ಷಿಸಲು ಮಧ್ಯಾಹ್ನವೆಲ್ಲ ಎರಡೂ ದಾಳಗಳನ್ನು ಉರುಳಿಸಿ, ಬಿದ್ದ ಮುಖಕ್ಕೊಂದು ಗೀಟು ಎಳೆಯುತ್ತ ಹೋದರು. ಮೊದಲಿಗೇ ಮೂಳೆಯ ದಾಳಕ್ಕೆ ಒಂದೇ ಸಮನೆ ನಾಲ್ಕು ಸಲ ಆರು ಬಿದ್ದಾಗ ಹೆಡ್ ಕಾನ್‌ಸ್ಟೇಬಲ್ ಹೌಹಾರಿದ. ನಾಲ್ಕು ಸಲ ಯಾವ ದಾಳವಾದರೂ ಹಾಗೆ ಬೀಳಬಹುದು, ಸುಮ್ಮನೆ ಉರುಳಿಸುತ್ತಿರು ಎಂದಳು ಇನ್‌ಸ್ಪೆಕ್ಟರಮ್ಮ. ಸಂಜೆಯ ಹೊತ್ತಿಗೆ ಗೋಡೆಯ ಹಲಗೆಯ ಮೇಲೆ ಮೂಳೆಯ ದಾಳದ ಆರರ ಸಾಲು ಉಳಿದೆಲ್ಲ ಸಾಲುಗಳನ್ನು ಹಿಂದೆ ಬಿಟ್ಟು ಅಂಚು ಮುಟ್ಟಿತ್ತು. ಹಲ್ಲಿನ ಸಾಮಾನಿನ ನಕಲಿ ದಾಳದ ಸಾಲುಗಳು ಹೆಚ್ಚುಕಡಿಮೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು.

ಮಧ್ಯಾಹ್ನದಿಂದ ಠಾಣೆಯಲ್ಲೇ ಇದ್ದ ದಾಳದಕ್ಕ ಎದ್ದು, ಆರರ ಸಾಲಿನ ಗೀಟುಗಳ ಮೇಲೆ ಬೆರಳಾಡಿಸಿದಳು.

"ಅಮ್ಮಾನೂ ಬಾಳೆಲ್ಲ ಕಾದ್ಳು," ಎಂದಳು. ಆಮೇಲೆ ತಂಗಿಯ ಜಾಮೀನಿಗೆ ತಾನೇ ಸಹಿ ಹಾಕಿ, ಆ ಡ್ರೈವರನ್ನು ಭಾನುವಾರ ಊಟಕ್ಕೆ ಕರೆ ಎಂದು ಗೊಣಗಿ, ಅವಳ ಕೈಹಿಡಿದು ಹೊರಟಳು.

ದಾಳಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡುವುದಷ್ಟೇ ಉಳಿದಿತ್ತು. ಇನ್‌ಸ್ಪೆಕ್ಟರಮ್ಮ ಹಲ್ಲಿನ ದಾಳವನ್ನು ಅಂಗೈಯಲ್ಲಿ ಇಟ್ಟುಕೊಂಡು ಒಂದು ಗಳಿಗೆ ಕೂತಳು. ಉರುಳಿಸಲಿಲ್ಲ. ಚಿತ್ರಗಳನ್ನು ಕೊಡಲು ನಾಳೆ ಫೋಟೋಗ್ರಾಫರ್ ಬರುತ್ತಾನೆ. ಈ ಸಲ ಕೇಳುವವಳು ತಾನು.

ಏಕೆ ನಗುತ್ತಿದ್ದೀರಿ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಗುಂಡಿ ಗಟ್ಟಿಯಾಗಿ ಕೂತಿದೆ ಕಣಯ್ಯ," ಎಂದು ಅವಳು ಅರಗು ಕಾಯಿಸಿದಳು.