ಭಾನುವಾರ ನೋಡಿದ ಹದಿನೇಳು ಮನೆಗಳು

ಒಮ್ಮೆ ನಾನು ಜೋರಾಗಿ ಸೀನಿದ್ದಕ್ಕೆ ಈ ಊರಿನ ಮನೆಗಳ ಬೆಲೆಯೆಲ್ಲ ಅರ್ಧಕ್ಕಿಳಿದಿತ್ತು. ಮೂಗೊರೆಸಿಕೊಂಡ ಮೇಲೇ ಮತ್ತೆ ಏರಿದ್ದು. ನಂಬದಿದ್ದರೆ ಬಿಡಿ. ಮನೆ ಬ್ರೋಕರ್‌ಗಳಲ್ಲಿ ನಾನು ಆನೆ; ಉಳಿದವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಅಂಥ ನನ್ನ ಆಫೀಸಿಗೆ ಲೆಕ್ಕದ ಟೀಚರ್ ಬಂದಳು. ಅವಳನ್ನು ನೋಡಿ ಫ್ಯಾನು ತಿರುಗುವುದನ್ನೇ ಮರೆಯಿತು. ಕರೆಂಟು ಹೋಗಿತ್ತು ಅಂತಾನೆ ಎದುರಂಗಡಿಯವನು. ಹೊಟ್ಟೆಕಿಚ್ಚು.

"ನೆಲಮಹಡಿ ಮನೆ ಬೇಕು. ಈಗಿರೋದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮಂಗೆ ಮಂಡಿನೋವು, ಮನೆಯಿಂದ ಆಚೆ ಬಂದು ತಿಂಗಳಾಯ್ತು."

"ಅರಮನೆ ತೋರಿಸ್ತೀನಿ ಮೇಡಂ."

"ಎರಡು ರೂಮು ಸಾಕು. ನನ್ನ ಸಂಬಳ ನೋಡಿಕೊಂಡು ಮಾತಾಡಿ."

ಅವಳಿಗೆ ಬಿಡುವು ಭಾನುವಾರ ಮಾತ್ರ. ಎರಡನೇ ಭಾನುವಾರವೇ ಮನೆ ಸಿಕ್ಕಿತು. ನೀಲಿ ಬಾಗಿಲು, ಒಂದೇ ಮೆಟ್ಟಿಲು. ಅವಳು ಅಮ್ಮನ ಹಾಗೆ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ನಡೆದಳು.

"ಹನ್ನೊಂದೇ ಹೆಜ್ಜೆ!" ಅಂತ ತಿರುಗಿ ನನ್ನತ್ತ ನಕ್ಕಳು. "ತಗೊಂಡುಬಿಡಲಾ?"

ತಗೊಂಡರೆ ಮುಂದಿನ ಭಾನುವಾರ? ನನ್ನ ನಾಲಿಗೆ ತಾನಾಗಿಯೇ ಹೊರಳಿತು.

"ಅವಸರ ಬೇಡ. ಮಾರ್ಕೆಟ್ ಬೀಳ್ತಿದೆ. ಹೊಸ ಅಪಾರ್ಟ್‌ಮೆಂಟುಗಳೆಲ್ಲ ಅರ್ಧ ಖಾಲಿ. ಮೂರು ತಿಂಗಳು ಕಾದರೆ ಇದೇ ಮನೆ ಹತ್ತು ಪರ್ಸೆಂಟ್ ಕಡಿಮೆಗೆ ಸಿಗುತ್ತೆ." ಒಂದು ಹಾಳೆಯ ಮೇಲೆ ಗ್ರಾಫನ್ನೂ ಗೀಚಿಕೊಟ್ಟೆ. ಜಾರುಬಂಡೆಯ ಹಾಗೆ ಇಳಿಯುವ ಗೆರೆ.

"ಅಳತೆಯೇ ಹಾಕಿಲ್ವಲ್ಲ, ಸೊನ್ನೆ ಮಾರ್ಕ್ಸ್!" ಅಂದಳು. ಆದರೂ ಮಡಚಿ ಬ್ಯಾಗಿಗಿಟ್ಟುಕೊಂಡಳು. "ನಿಮ್ಮನ್ನ ನಂಬಿದ್ದೀನಿ."

ಆಮೇಲೆ ನಾಲ್ಕು ತಿಂಗಳು ಮನೆ ಸುತ್ತಿದ್ದೇ ಸುತ್ತಿದ್ದು. ಒಂದು ಖಾಲಿ ಅಡುಗೆಮನೆಯಲ್ಲಿ ಅವಳು ಕಿಟಕಿಗೊರಗಿ, "ಬ್ರೋಕರ್ ಸಾಹೇಬ್ರಿಗೆ ಎಂಥ ಮನೆ ಇಷ್ಟ?" ಅಂತ ಓರೆಗಣ್ಣಲ್ಲಿ ಕೇಳಿದಳು.

'ನೀವಿರೋದು' ಅನ್ನುವುದು ತುಟಿಯವರೆಗೆ ಬಂತು. "ನೀರು ಚೆನ್ನಾಗಿ ಬರೋದು," ಅಂದೆ.

ಅವಳು ನಲ್ಲಿ ತಿರುಗಿಸಿ ನೀರನ್ನೇ ನೋಡುತ್ತ ನಿಂತಳು.

ಹದಿನೇಳನೆಯ ಮನೆ ನೋಡಿದ ಮರುವಾರ ಆಫೀಸಿಗೆ ಬಂದವಳು ಮೇಜಿನ ಮೇಲೆ ಎರಡು ಹಾಳೆ ಇಟ್ಟಳು. ಎರಡರಲ್ಲೂ ನನ್ನದೇ ಅಕ್ಷರ. ಅವಳದರಲ್ಲಿ ಗೆರೆ ಇಳಿದಿತ್ತು, ಇನ್ನೊಂದರಲ್ಲಿ ಏರಿತ್ತು.

"ಇದು ನಮ್ಮ ಡ್ರಾಯಿಂಗ್ ಟೀಚರ್‌ದು. ನೀಲಿ ಬಾಗಿಲಿನ ಮನೆ ಅವರು ತಗೊಂಡ್ರಂತೆ, ನಿಮ್ಮಿಂದಲೇ. ನನಗೆ ಕಾಯಿರಿ ಅಂದ ವಾರವೇ ಅವರಿಗೆ ಇವತ್ತೇ ತಗೊಳ್ಳಿ ಅಂದ್ರಂತೆ. ಯಾವ ಗೆರೆ ನಿಜ?"

"ಮಾರ್ಕೆಟ್ ಅಂದ್ರೆ ಮೇಡಂ, ಅದು ಸಮುದ್ರ ಇದ್ದಹಾಗೆ..."

"ಯಾವುದು?"

"ಏರೋದು."

"ಈಗ ಆ ಬೀದಿಯಲ್ಲಿ ಯಾವ ಮನೆಯೂ ನನ್ನ ಕೈಗೆಟುಕಲ್ಲ. ಯಾಕೆ ಹೀಗೆ ಮಾಡಿದ್ರಿ?"

"ಮನೆ ಸಿಕ್ಕರೆ ನೀವು ಮತ್ತೆ ಬರಲ್ವಲ್ಲ ಅಂತ." ತಲೆ ಎತ್ತಲಾಗಲಿಲ್ಲ. "ಅದು ಕಣ್ಣೆದುರು ಇರೋವರೆಗೂ ನೀವು ಅದನ್ನೇ ಕೇಳ್ತೀರ ಅಂತ ಅವರಿಗೆ ಮಾರಿಬಿಟ್ಟೆ."

ಅವಳು ಹಾಳೆಗಳನ್ನು ಮಡಚಿದಳು.

"ಕಾಫಿಗೆ ಬರ್ತೀರಾ ಅಂತ ಒಂದು ಮಾತು ಕೇಳಿದ್ರೆ ಬರ್ತಿದ್ದೆ." ಎದ್ದು ನಿಂತಳು. "ನಡೀರಿ. ಬೆಲೆ ಇಳೀತಾ ಅಂತ ಅಮ್ಮ ದಿನಾ ಕೇಳ್ತಾರೆ. ನನ್ನ ಕೈಲಿ ಹೇಳೋಕಾಗಲ್ಲ. ನೀವೇ ಹೇಳಿ."

ಮೂರು ಮಹಡಿ ಹತ್ತಿದೆವು. ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅಮ್ಮ ಗೋಡೆ ಹಿಡಿದುಕೊಂಡೇ ಬಂದು ಬಾಗಿಲು ತೆಗೆದರು. ನನ್ನನ್ನು ಕಂಡು ಮುಖ ಅರಳಿತು.

"ಮನೆ ಹುಡುಕಿಕೊಡ್ತಿರೋನು ನೀನೇನಪ್ಪಾ? ಭಾನುವಾರ ಬಂದ್ರೆ ಇವಳ ಬಾಯಲ್ಲಿ ನಿಂದೇ ಮಾತು. ನಮಗೋಸ್ಕರ ಎಷ್ಟು ಅಲೆದೆಯೋ ಪಾಪ. ಬೆಲೆ ಇಳೀತಾ?"

"ಇಲ್ಲ ಅಮ್ಮಾ," ಅಂದೆ. "ಇಳಿಯಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಮಗಳಿಗೆ ಸುಳ್ಳು ಹೇಳಿದೆ."