ಹತ್ತೊಂಬತ್ತನೇ ಕುಳಿ

ಎದುರಿನ ಮಳಿಗೆಯವನು ಅರ್ಧ ತಾಸಿನಿಂದ ತನ್ನನ್ನೇ ನೋಡುತ್ತಿದ್ದಾನೆ ಎಂದುಕೊಂಡಿದ್ದಳು ಶೈಲಾ.

ಲಕ್ಷ್ಮೇಶ್ವರದ ಕಲ್ಯಾಣ ಮಂಟಪದಲ್ಲಿ ಆ ದಿನ ಕರಕುಶಲ ಮೇಳ. ಒಂದು ಸಾಲಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದು ಸಾಲಿನಲ್ಲಿ ಕೌದಿ, ಬುಟ್ಟಿ, ಬಳೆ. ಮೂಲೆಯಲ್ಲಿ ಬೆಟಗೇರಿಯ ಶೈಲಾಳ ಮೇಣದಬತ್ತಿ. ಅವಳಿಗೆ ನೇರ ಎದುರಾಗಿ ಲಟ್ಟಣಿಗೆ, ಮಣೆ, ಕಟ್ಟಿಗೆ ಆಟಿಕೆ ಹರವಿಕೊಂಡು ಕುಳಿತಿದ್ದ ಆ ಮನುಷ್ಯ.

ಬಂದವನೇ ಅವಳ ಹತ್ತಿರ ಒಂದು ಬತ್ತಿ ಕೊಂಡಿದ್ದ. ಅದನ್ನು ತನ್ನ ಮೇಜಿನ ಮೇಲೆ ಹಚ್ಚಿಟ್ಟು, ಗಲ್ಲಕ್ಕೆ ಕೈ ಕೊಟ್ಟು, ರೆಪ್ಪೆ ಬಡಿಯದೆ ಈ ಕಡೆಯೇ ನೋಡುತ್ತ ಕುಳಿತುಬಿಟ್ಟಿದ್ದ.

ಎಂಥ ನೋಟ ಇವನದು... ಶೈಲಾ ವೇಲು ಸರಿಮಾಡಿಕೊಂಡಳು. ಸಿಟ್ಟು ಬಂತು. ಸುಳ್ಳು ಯಾಕೆ ಹೇಳಬೇಕು, ಒಂಚೂರು ಹಿತವೂ ಆಯಿತು. ಮನುಷ್ಯ ನೋಡಲು ತೆಗೆದುಹಾಕುವ ಹಾಗೇನೂ ಇರಲಿಲ್ಲ.

ಅಷ್ಟರಲ್ಲಿ ಸುಮಿತ್ರವ್ವ ಬಂದರು. ಆ ಊರಿನ ದೊಡ್ಡ ಕಿರಾಣಿ ಮನೆತನದ ಹಿರಿಯ ಹೆಂಗಸು. ಅವರು ಕೊಂಡದ್ದನ್ನು ಓಣಿಯೆಲ್ಲ ಕೊಳ್ಳುತ್ತಿತ್ತು. ದೇವರ ಜಗುಲಿಯ ಮುಂದೆ ಹಚ್ಚಲೆಂದು ಹನ್ನೆರಡು ಬತ್ತಿ ಆರಿಸಿ ಕೈಗೆತ್ತಿಕೊಂಡಿದ್ದರು. ಶೈಲಾ ಸುತ್ತಿಕೊಡಲು ಕಾಗದ ತೆಗೆದಳು. ಮೊದಲ ದೊಡ್ಡ ಗಿರಾಕಿ!

ಆಗಲೇ ಎದುರಿನವನು ಎದ್ದು ನಿಂತ.

"ನೋಡ್ರಿ... ನಿಮ್ಮ ಬತ್ತಿ ನಡುವ ಆರಿ ಹೋತ್ರಿ."

ಎಲ್ಲರೂ ತಿರುಗಿದರು. ಅವನ ಮೇಜಿನ ಮೇಲೆ ಅರ್ಧ ಉರಿದ ಬತ್ತಿ ತಲೆ ಕಪ್ಪಗೆ ಮಾಡಿಕೊಂಡು ನಿಂತಿತ್ತು. ಹೊಗೆಯೂ ಅಡಗಿ ಹೋಗಿತ್ತು.

"ನಡುವ ಆರೋ ದೀಪ ದೇವರ ಮುಂದ ಹಚ್ಚಬಾರದವ್ವ," ಎಂದರು ಸುಮಿತ್ರವ್ವ. ದನಿಯಲ್ಲಿ ಕೋಪವಿರಲಿಲ್ಲ. ಹನ್ನೆರಡನ್ನೂ ಒಂದೊಂದಾಗಿ ತಿರುಗಿ ಮೇಜಿನ ಮೇಲಿಟ್ಟು ಹೋದರು. ಹಿಂದೆ ನಿಂತಿದ್ದ ನಾಲ್ಕು ಹೆಂಗಸರೂ ಹಾಗೇ ಮಾಡಿದರು.

ಶೈಲಾಳ ಕಣ್ಣು ತುಂಬಿತು. ಸೀದಾ ಹೋಗಿ ಆರಿದ ಬತ್ತಿಯನ್ನು ಕಿತ್ತುಕೊಂಡು ಅವನ ಮುಂದೆ ನಿಂತಳು.

"ಹೇಳಾಕ ನಿಮಗ ಬ್ಯಾರೆ ಹೊತ್ತು ಸಿಗಲಿಲ್ಲೇನ್ರಿ?"

ಅವನು ಬಾಯಿ ತೆರೆದ. ಮುಚ್ಚಿದ. ಅವನ ಹೆಸರು ಮೌನೇಶ. ಲಕ್ಷ್ಮೇಶ್ವರದ ಬಡಿಗೇರ ಮನೆತನದವನು. ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಆಡಬಾರದ ಹೊತ್ತಿನಲ್ಲಿ ಒಂದು ಮಾತು ಆಡಿಬಿಡುತ್ತಿದ್ದ. ಆಡಲೇಬೇಕಾದಾಗ ಒಂದೂ ಹೊರಡುತ್ತಿರಲಿಲ್ಲ.

ಸಂಜೆ ಮೇಳದ ಉಸ್ತುವಾರಿಯ ಭಾಗ್ಯಕ್ಕ ಬಂದು, ಯಾರೋ ಹದಿನೆಂಟು ಬತ್ತಿ ಕೇಳಿದ್ದಾರೆಂದು ಕಟ್ಟಿಸಿಕೊಂಡು ಹೋದಳು. ಆ ದಿನದ ವ್ಯಾಪಾರವೆಂದರೆ ಅಷ್ಟೇ. ಯಾರೋ ಪುಣ್ಯವಂತರು ಎಂದುಕೊಂಡು ಶೈಲಾ ಬಸ್ಸು ಹತ್ತಿದಳು.

ಆದರೆ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಕುಳಿತಳು. ಗದಗಿನ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಅವಳೇ ಗಡುವು ಹಾಕಿದ್ದಳು... ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಮೂರು ಮೇಳ. ಮುಂಡರಗಿಯಲ್ಲಿ ಗೆದ್ದವರನ್ನು ಗದಗಿನ ದೊಡ್ಡ ಮೇಳಕ್ಕೆ ಕರೆಯುತ್ತಾರೆ. ಸೋತರೆ ಮತ್ತೆ ಅದೇ ಅಂಗಡಿಯ ಗಲ್ಲೆಯ ಹಿಂದೆ ನಿಂತು ಬೇರೆಯವರ ಸೀರೆ ಮಡಿಸುವುದು.

ಅವ್ವ ಬೇಡವೆಂದಿದ್ದಳು. ಅಪ್ಪ ಪ್ರಲ್ಹಾದ ಮಾತ್ರ ಏನೂ ಅನ್ನಲಿಲ್ಲ. ನಲವತ್ತು ವರ್ಷದಿಂದ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ನೇಕಾರ ಅವನು. ಸೀರೆ ಮಗ್ಗದಿಂದ ಇಳಿದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿನ ತುದಿಗಳು ಉಳಿಯುತ್ತವಲ್ಲ, ಅವನ್ನು ಒಂದು ಚೀಲದಲ್ಲಿ ತುಂಬಿ ಮಗಳ ಮುಂದಿಟ್ಟಿದ್ದ. ನೇಕಾರರ ಮನೆಯಲ್ಲಿ ನೂಲು ಎಸೆಯುವುದಿಲ್ಲ. ಶೈಲಾ ಆ ತುದಿಗಳನ್ನೇ ಹುರಿ ಹೊಸೆದು ಬತ್ತಿಯ ಒಳಗಿನ ಎಳೆ ಮಾಡಿದ್ದಳು. ಬೆಟಗೇರಿಯ ಮಗ್ಗದ ನೂಲು ಎಂಬುದೇ ಅವಳ ಹೆಮ್ಮೆ.

ಶಿರಹಟ್ಟಿಯ ಮೇಳಕ್ಕೆ ಇಪ್ಪತ್ತು ದಿನವಿತ್ತು. ಅವಳು ಮೇಣ ಬದಲಿಸಿದಳು. ಮೇಣದ ಅಂಗಡಿಯನ್ನೇ ಬದಲಿಸಿದಳು. ಅಚ್ಚು ತೊಳೆದಳು, ಫ್ಯಾನು ಆರಿಸಿದಳು, ಹರಕೆ ಹೊತ್ತಳು. ಆದರೂ ಬತ್ತಿಗಳು ನಡುವೆ ಕಣ್ಣು ಮುಚ್ಚುತ್ತಲೇ ಇದ್ದವು.

ಯಾಕೆ... ಎಲ್ಲಿ ತಪ್ಪಿದೆ ನಾನು?

ಶಿರಹಟ್ಟಿಗೆ ಕಾಲಿಡುವ ಮೊದಲೇ ಲಕ್ಷ್ಮೇಶ್ವರದ ಸುದ್ದಿ ಅಲ್ಲಿ ಬಂದು ಕುಳಿತಿತ್ತು. ಇಲ್ಲಿಯೂ ವ್ಯಾಪಾರವಾಗದಿದ್ದರೆ ಮುಂಡರಗಿಯ ಮಳಿಗೆ ಬೇರೆಯವರಿಗೆ ಹೋಗುತ್ತದೆಂದು ಭಾಗ್ಯಕ್ಕ ಬೇಸರದಿಂದಲೇ ತಿಳಿಸಿದಳು. ಮಧ್ಯಾಹ್ನದ ತನಕ ಒಬ್ಬರೂ ಬತ್ತಿ ಮುಟ್ಟಲಿಲ್ಲ.

ಪಕ್ಕದ ಮಳಿಗೆ ಮೌನೇಶನದು. ನಾಲ್ಕು ಸಲ ಎದ್ದು ಇವಳ ಕಡೆ ಬರಹೋಗಿ, ನಾಲ್ಕು ಸಲ ತಿರುಗಿ ಕುಳಿತಿದ್ದ. ಐದನೇ ಸಲ ಏಳುವಾಗ ಅವನ ಮೊಣಕೈ ತಾಗಿ ಮೇಜಿನ ಮೇಲಿನ ಬಟ್ಟೆ ಜಾರಿತು.

ಶೈಲಾ ನೋಡಿದಳು. ಸಾಗವಾನಿಯ ಒಂದು ಉದ್ದ ಹಲಗೆ. ಅದರಲ್ಲಿ ಸಾಲಾಗಿ ಕೊರೆದ ದುಂಡನೆಯ ಕುಳಿಗಳು. ಬಹುಪಾಲು ಕುಳಿಗಳಲ್ಲಿ ಅವಳದೇ ಬತ್ತಿಗಳು... ಅರ್ಧಕ್ಕೆ ಆರಿದವು, ಕಪ್ಪು ತಲೆಯವು.

ಆ ಹದಿನೆಂಟು! ಪುಣ್ಯವಂತ ಇವನೇನಾ?

"ನನ್ನ ಸೋಲನ್ನ ಸಾಲಾಗಿ ನಿಲ್ಲಿಸಿ ಮಂದಿಗೆ ತೋರಿಸಾಕ ತಂದೀರೇನ್ರಿ?" ಅವಳು ಹಲಗೆಯ ಕಡೆ ಬೆರಳು ಮಾಡಿದಳು. "ನಾ ನಿಮಗೇನ ಮಾಡೇನಿ?"

ಮೌನೇಶನ ಮುಖ ಸಣ್ಣದಾಯಿತು. ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಿಂದ ಅವಳ ಮುಂದೆ ಹಿಡಿದ.

"ನಿಮಗಂತ... ಮಾಡಿದ್ದೆ."

"ತರ್ರಿ. ನಮ್ಮನಿ ಒಲಿಗೆ ಕಟ್ಟಿಗಿ ಬೇಕಾಗಿತ್ತು."

ಅವನು ಹಲಗೆಯನ್ನು ಅವಳ ಕೈಗಿತ್ತು ತಿರುಗಿದ. ಸಂಜೆ ಅವಳು ಸಾಮಾನು ಕಟ್ಟುವ ಹೊತ್ತಿಗೆ ಅವನ ಮಳಿಗೆ ಖಾಲಿಯಾಗಿತ್ತು. ಮುಂಡರಗಿಯ ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ.

ಮನೆಗೆ ಬಂದವಳೇ ಸೀದಾ ಒಲೆಯ ಕಡೆ ನಡೆದಳು. ಅಪ್ಪ ಮಗ್ಗದಿಂದ ಎದ್ದು ಬಂದು ಕೈಯಿಂದ ಹಲಗೆ ಕಿತ್ತುಕೊಂಡ.

"ಸಾಗವಾನಿ ಕಟ್ಟಿಗಿ ಯಾರರ ಒಲಿಗೆ ಹಾಕ್ತಾರೇನವ್ವ?"

ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಪ್ರತಿ ಕುಳಿಯ ಕೆಳಗೆ ಪೆನ್ಸಿಲಿನಲ್ಲಿ ಎಷ್ಟು ನಿಮಿಷ ಉರಿಯಿತೆಂದು ಬರೆದಿತ್ತು. ಮೂವತ್ತೊಂದು. ಇಪ್ಪತ್ತೆಂಟು. ಮೂವತ್ತು... ಹದಿನೈದು ಬತ್ತಿಗಳ ಹಣೆಬರಹವೂ ಹೆಚ್ಚುಕಡಿಮೆ ಅದೇ. ಆದರೆ ಮೂರು ಕುಳಿಗಳಲ್ಲಿ ಬತ್ತಿಯೇ ಇರಲಿಲ್ಲ. ತಳದಲ್ಲಿ ಹೆಪ್ಪುಗಟ್ಟಿದ ಮೇಣ, ಅದರಲ್ಲಿ ಒಂದು ಕೆಂಪು ಎಳೆಯ ತುಣುಕು. ಕೆಳಗೆ ಅರವತ್ತೆರಡು, ಅರವತ್ತು, ಅರವತ್ತನಾಲ್ಕು. ಪೂರ್ತಿ ಉರಿದಿದ್ದವು!

ಕೊನೆಯಲ್ಲಿ ಇನ್ನೊಂದು ಕುಳಿ. ಹತ್ತೊಂಬತ್ತನೆಯದು. ಖಾಲಿ.

"ಈ ಮೂರಕ್ಕ ಕೆಂಪು ನೂಲು ಎಲ್ಲಿಂದ ತಂದಿದ್ದಿ?" ಎಂದ ಅಪ್ಪ.

ಶೈಲಾ ನೆನಪಿಸಿಕೊಂಡಳು. ಮೊದಮೊದಲು ಕಲಿಯುವಾಗ ಮಾಡಿದ ಬತ್ತಿಗಳವು. ಆಗ ಅಪ್ಪನ ಲಾಳಿಯೊಳಗಿನ ಕಂಡಿಕೆಯಿಂದಲೇ ಕೆಂಪು ನೂಲು ಬಿಚ್ಚಿಕೊಂಡಿದ್ದಳು. ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು. ಉಳಿದವಕ್ಕೆಲ್ಲ ಹಾಸಿನ ತುದಿ.

ತಂದೆ ಮಗಳು ಮುಖ ಮುಖ ನೋಡಿಕೊಂಡರು.

"ಗಂಜಿ..." ಎಂದಳು ಶೈಲಾ.

ಮಗ್ಗದ ಎಳೆತಕ್ಕೆ ಹರಿಯಬಾರದೆಂದು ಹಾಸಿನ ನೂಲಿಗೆ ಗಂಜಿ ಕುಡಿಸುತ್ತಾರೆ. ಹೊಕ್ಕಿನ ನೂಲಿಗೆ ಅದು ಬೇಕಿಲ್ಲ. ಗಂಜಿ ಕುಡಿದು ಗಟ್ಟಿಯಾದ ನೂಲು ಮೇಣವನ್ನು ಹೇಗೆ ಮೇಲೆಳೆದೀತು? ಹುಟ್ಟಿದಾಗಿನಿಂದ ಗಂಜಿಯ ವಾಸನೆಯಲ್ಲೇ ಬೆಳೆದವಳಿಗೆ ನೂಲು ಬೇರೆ, ಗಂಜಿ ಬೇರೆ ಎಂದು ಹೊಳೆದೇ ಇರಲಿಲ್ಲ. ನೇಕಾರರ ಮಗಳಲ್ಲದೆ ಇನ್ನಾರೂ ಮಾಡಲಾರದ ತಪ್ಪು ಅದು.

ಪ್ರಲ್ಹಾದ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನೇ ಹಂಡೆಗೆ ನೀರು ತುಂಬಿದ. ಹಾಸಿನ ತುದಿಗಳನ್ನೆಲ್ಲ ಕುದಿಸಿ, ಕೈಯಲ್ಲಿ ಉಜ್ಜಿ, ಗಂಜಿ ಬಿಡಿಸಿ, ಒಣಹಾಕಿದರು. ಎರಡು ದಿನದ ಮೇಲೆ ಶೈಲಾ ಹೊಸ ಬತ್ತಿ ಹಚ್ಚಿ ಮುಂದೆ ಕುಳಿತಳು. ಮೂವತ್ತು ನಿಮಿಷ ದಾಟಿತು. ನಲವತ್ತು. ಅರವತ್ತು. ತಳ ಮುಟ್ಟಿ, ಕೊನೆಯ ಹನಿ ಮೇಣ ಕುಡಿದು, ಅದು ತಾನಾಗಿಯೇ ಶಾಂತವಾಯಿತು.

ಅವಳು ಅಳುತ್ತಿದ್ದಳು. ಗೆದ್ದ ಖುಷಿಗೆ ಅರ್ಧ. ಇನ್ನರ್ಧ... ಒಬ್ಬ ಮನುಷ್ಯ ಗಡಿಯಾರ ಇಟ್ಟುಕೊಂಡು ಹದಿನೆಂಟು ಬತ್ತಿಗಳನ್ನು ಒಂದಾದ ಮೇಲೊಂದು ಹಚ್ಚಿ ಕಾದಿದ್ದಾನೆ. ಯಾರಿಗಾಗಿ? ನಾನೇನಂದೆ ಅವನಿಗೆ... ಒಲೆಗೆ ಕಟ್ಟಿಗೆ ಬೇಕು ಅಂದೆನಲ್ಲ!

ಮರುದಿನ ಭಾಗ್ಯಕ್ಕನಿಗೆ ಫೋನು ಹಚ್ಚಿ, ಒಂದೇ ಒಂದು ಅವಕಾಶ ಕೊಡಿ ಎಂದು ಬೇಡಿಕೊಂಡಳು. ಯಾರೋ ತಮ್ಮ ಮಳಿಗೆ ಬಿಟ್ಟುಕೊಟ್ಟಿದ್ದಾರೆ, ಬಾ ಎಂದಳು ಭಾಗ್ಯಕ್ಕ.

ಮುಂಡರಗಿಗೆ ಅಪ್ಪನೂ ಬಂದ. ಮಗ್ಗ ಬಿಟ್ಟು ಅವನು ಮೇಳಕ್ಕೆ ಬಂದದ್ದು ಅದೇ ಮೊದಲು. ಬಾಗಿಲಿಗೆ ಎದುರಾದ ಒಳ್ಳೆಯ ಮಳಿಗೆ. ಸಾಮಾನು ಜೋಡಿಸುವಾಗ ಮೇಜಿನ ಅಂಚಿಗೆ ಅಂಟಿಸಿದ್ದ ಚೀಟಿ ಶೈಲಾಳ ಕಣ್ಣಿಗೆ ಬಿತ್ತು. ಮೌನೇಶ ಬಡಿಗೇರ, ಲಕ್ಷ್ಮೇಶ್ವರ.

ಪಕ್ಕದಲ್ಲಿದ್ದ ಭಾಗ್ಯಕ್ಕ ನಾಲಿಗೆ ಕಚ್ಚಿಕೊಂಡು, ಎಲ್ಲ ಹೇಳಿಬಿಟ್ಟಳು. ಶಿರಹಟ್ಟಿಯಲ್ಲಿ ಬೈಸಿಕೊಂಡ ಸಂಜೆಯೇ ಅವನು ತನ್ನ ಮಳಿಗೆಯನ್ನು ಇವಳ ಹೆಸರಿಗೆ ಬಿಟ್ಟಿದ್ದ. ಅವಳಾಗಿ ಕೇಳಿದರೆ ಮಾತ್ರ ಕೊಡಬೇಕು, ತನ್ನ ಹೆಸರು ಹೇಳಕೂಡದು ಎಂದೂ ಮಾತು ತೆಗೆದುಕೊಂಡಿದ್ದ.

ಶೈಲಾ ಆ ಚೀಟಿಯನ್ನು ಮೆಲ್ಲಗೆ ಸವರಿದಳು. ಆದರೆ ಜನ ಸೇರುತ್ತಿದ್ದರು. ಅಳಲು ಹೊತ್ತಿರಲಿಲ್ಲ. ಅವಳು ಒಂದು ಬತ್ತಿ ತೆಗೆದು ಮೇಜಿನ ನಡುವೆ ಇಟ್ಟು ಹಚ್ಚಿದಳು.

"ಈಗ ಯಾರೂ ತಗೋಬ್ಯಾಡ್ರಿ," ಎಂದಳು ಎಲ್ಲರಿಗೂ ಕೇಳುವಂತೆ. "ಇದು ತಳತನಕ ಉರದ ಮ್ಯಾಲೆ ತಗೋರಿ."

ಗುಂಪಿನಿಂದ ಒಬ್ಬರು ಮುಂದೆ ಬಂದರು. ಸುಮಿತ್ರವ್ವ! ಮುಂಡರಗಿಯ ಮಗಳ ಮನೆಗೆ ಬಾಣಂತನಕ್ಕೆ ಬಂದವರು. ಕುರ್ಚಿ ಎಳೆದುಕೊಂಡು ಬತ್ತಿಯ ಮುಂದೆಯೇ ಕುಳಿತರು.

"ನಡುವ ಆರಿದ್ರ ನಾ ಎದ್ದು ಹೋಗಾಕಿ, ಮತ್ತ," ಎಂದರು.

ಇಪ್ಪತ್ತು ನಿಮಿಷ. ಇಪ್ಪತ್ತೈದು. ನೋಡುವ ಜನ ಹೆಚ್ಚಾಗುತ್ತ ಹೋದರು. ರೊಟ್ಟಿ ಮಾರುವವರೂ ಬಂದು ನಿಂತರು. ಮೂವತ್ತನೇ ನಿಮಿಷಕ್ಕೆ ಬಾಗಿಲಿನಿಂದ ಗಾಳಿ ನುಗ್ಗಿತು. ಜ್ವಾಲೆ ಬಾಗಿತು... ಇನ್ನಷ್ಟು ಬಾಗಿತು... ಶೈಲಾ ಅಪ್ಪನ ಕೈ ಹಿಡಿದುಕೊಂಡಳು.

ಜ್ವಾಲೆ ನೆಟ್ಟಗೆ ನಿಂತಿತು.

ಆಮೇಲೆ ಅದು ಹಿಂದೆ ನೋಡಲಿಲ್ಲ. ಒಂದು ತಾಸಿನ ಮೇಲೆ ತಳ ಮುಟ್ಟಿದಾಗ ಸುಮಿತ್ರವ್ವ ಎದ್ದು, ಶೈಲಾಳ ಗಲ್ಲ ಸವರಿ ಲಟಿಗೆ ಮುರಿದು ದೃಷ್ಟಿ ತೆಗೆದರು. ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಇಪ್ಪತ್ತೈದು ಬತ್ತಿ ಬೇಕೆಂದರು. ಅವರು ಕೈ ಹಾಕಿದ್ದೇ ತಡ, ಉಳಿದವರು ಮುಗಿಬಿದ್ದರು. ಪ್ರಲ್ಹಾದನಿಗೆ ಕಾಗದ ಸುತ್ತಿ ಸುತ್ತಿ ಕೈ ಸೋತಿತು. ಮೂರು ಗಂಟೆಗೆಲ್ಲ ಪೆಟ್ಟಿಗೆಗಳು ಖಾಲಿ. ಗದಗಿನ ದೊಡ್ಡ ಮೇಳದಲ್ಲಿ ಮುಂದಿನ ಸಾಲಿನ ಮಳಿಗೆ ಶೈಲಾಳದೇ ಎಂದು ಭಾಗ್ಯಕ್ಕ ಮೈಕಿನಲ್ಲೇ ಸಾರಿಬಿಟ್ಟಳು. ಚಪ್ಪಾಳೆಯ ನಡುವೆ ಶೈಲಾಳ ಕಣ್ಣು ಮಾತ್ರ ಬಾಗಿಲಿನ ಕಡೆಗೇ ಇತ್ತು.

ಅಲ್ಲಿ, ಕಂಬದ ಹಿಂದೆ, ಕೈಯಲ್ಲಿ ಬಸ್ಸಿನ ಚೀಟಿ ಹಿಡಿದುಕೊಂಡೇ ಚಪ್ಪಾಳೆ ತಟ್ಟುತ್ತಿದ್ದ ಮೌನೇಶ.

ಮನೆಯಿಂದ ತಂದಿದ್ದ ಹಲಗೆ ಎತ್ತಿಕೊಂಡು ಅವಳು ಅವನ ಹತ್ತಿರ ಹೋದಳು. ಅವನು ಓಡಿಹೋಗುವವನಂತೆ ಒಂದು ಹೆಜ್ಜೆ ಹಿಂದೆ ಸರಿದ.

"ಒಲಿಗೆ ಹಾಕಲಿಲ್ಲೇನ್ರಿ?"

"ತಪ್ಪಾತ್ರಿ," ಎಂದಳು ಶೈಲಾ. ಹಲಗೆಯನ್ನು ಅವನ ಮುಂದೆ ಹಿಡಿದಳು. "ಒಂದು ಕೇಳತೀನಿ. ಹದಿನೆಂಟ ಬತ್ತಿ ಇದ್ದೂವು. ಹತ್ತೊಂಬತ್ತನೇ ಕುಳಿ ಯಾಕ ಕೊರದ್ರಿ?"

"ಅದು ನೀವು ಸರಿ ಮಾಡೋ ಬತ್ತಿಗೆ."

"ನಾ ಸರಿ ಮಾಡತೀನಂತ ಅವಾಗ ನಿಮಗ ಹೆಂಗ ಗೊತ್ತು?"

"ಗೊತ್ತಿತ್ತು," ಎಂದ ಮೌನೇಶ. "ನಡುವ ಕೈ ಬಿಡೋ ಮಂದಿ ಹಂಗ ಬಂದು ಜಗಳಾ ಮಾಡೂದಿಲ್ಲ."

ಶೈಲಾ ಮುಷ್ಟಿ ಬಿಚ್ಚಿದಳು. ಅಂದು ಪೂರ್ತಿ ಉರಿದ ಬತ್ತಿಯ ತಳ ಅಂಗೈಯ ಕಾವಿಗೆ ಬೆಚ್ಚಗಾಗಿತ್ತು. ಅದನ್ನು ಹತ್ತೊಂಬತ್ತನೇ ಕುಳಿಯಲ್ಲಿ ಇಟ್ಟಳು. ಅಳತೆ ಮಾಡಿ ಕೊರೆದದ್ದು, ಸರಿಯಾಗಿ ಕೂತಿತು.

"ಲಕ್ಷ್ಮೇಶ್ವರದಾಗ ನೀವು ಅರ್ಧ ತಾಸು ನನ್ನ ನೋಡಾಕತ್ತೀರಿ ಅಂತ ತಿಳಕೊಂಡಿದ್ದೆ," ಎಂದು ನಕ್ಕಳು. "ನೀವು ನೋಡಿದ್ದು ಬತ್ತಿ."

ಮೌನೇಶ ನೆಲ ನೋಡಿದ. ಕಿವಿ ಕೆಂಪಾಯಿತು.

"ಮೊದಲ ಹತ್ತು ನಿಮಿಷ ಬತ್ತಿ ನೋಡಿದ್ದು ಖರೆ ಐತ್ರಿ."

"ಆಮ್ಯಾಲೆ?"

"ಆಮ್ಯಾಲೆ... ಬತ್ತಿ ಆರಿದ್ದು ನನಗ ಭಾಳ ತಡಾ ಮಾಡಿ ಗೊತ್ತಾತು."

ಹಿಂದೆ ಅಪ್ಪ ಕೆಮ್ಮಿದ ಸದ್ದಾಯಿತು. ಯಾವಾಗ ಬಂದು ನಿಂತಿದ್ದನೋ! ಪ್ರಲ್ಹಾದ ಹಲಗೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಅದನ್ನು ಮಾಡಿದವನ ಮುಖ ನೋಡಿದ.

"ಬಡಿಗ್ಯಾರು ಮಗ್ಗ ಮಾಡಿಕೊಟ್ರನ ನಮ್ಮ ನೇಕಾರರ ಮನಿ ನಡಿಯೂದು," ಎಂದ. "ಬೆಟಗೇರಿಗೆ ಬರ್ರಿ ಒಮ್ಮೆ, ಹಿರೇರನ್ನ ಕರಕೊಂಡು." ಇಷ್ಟು ಹೇಳಿ ಖಾಲಿ ಪೆಟ್ಟಿಗೆ ಕಟ್ಟಲು ಹೋದ.

ಮೌನೇಶನ ಬಾಯಿ ತೆರೆಯಿತು, ಮುಚ್ಚಿತು. ಆಡಲೇಬೇಕಾದ ಹೊತ್ತು ಅದು. ಎಂದಿನಂತೆ ಮಾತು ಕೈಕೊಟ್ಟಿತ್ತು. ಈ ಸಲ ಶೈಲಾಳಿಗೆ ಸಿಟ್ಟು ಬರಲಿಲ್ಲ.

"ಗದಗಿನ ಮೇಳಕ್ಕ ಇಬ್ಬರಿಗೂ ಒಂದ ಮೇಜು ಸಾಕು," ಎಂದಳು. "ಬತ್ತಿ ನಾ ಮಾಡತೀನಿ, ಅದನ್ನ ನಿಲ್ಲಿಸೋ ಹಲಗಿ ನೀವು ಮಾಡ್ರಿ. ಮಾತೂ ನಾನ ಆಡತೀನಿ."

"ನಾ ಏನ್ ಮಾಡ್ಲಿ ಮತ್ತ?"

"ನೋಡಕೋತ ಕುಂಡ್ರಿ," ಎಂದಳು ಶೈಲಾ. "ಈ ಸರತಿ ಬತ್ತಿ ಆರೂದಿಲ್ಲ."